ಗಿಟಾರಿಗೊಂದು ಕಿವಿ

‘ಗೊಂಯ್ಯ್ಯ್...’ ಏರುವುದಿಲ್ಲ, ಇಳಿಯುವುದಿಲ್ಲ, ನಿಲ್ಲುವುದಂತೂ ಇಲ್ಲವೇ ಇಲ್ಲ. ಕಾರವಾರದ ನಮ್ಮ ಮನೆಯ ಜಗಲಿಯಿಂದ ಆ ಸದ್ದು ಹೊರಟರೆ ಸಾಕು, ಮಿಕ್ಸರ್ ಸುಟ್ಟಿತೇನೋ ಎಂದು ಪಕ್ಕದ ಮನೆಯವರು ಓಡಿ ಬರುತ್ತಿದ್ದರು. ಮಿಕ್ಸರ್ ಅಲ್ಲ ಸ್ವಾಮಿ, ನನ್ನ ಮೈದುನ! ಅಷ್ಟು ವರ್ಷ ಗಿಟಾರ್ ನುಡಿಸಿಯೂ ಯಾರೊಬ್ಬರ ಕಿವಿಗೂ ಬೀಳದೆ ಉಳಿದ ಕಲಾವಿದ ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ. ಇದನ್ನು ಬೇಕಾದರೆ ಕೋರ್ಟಿನಲ್ಲೂ ಹೇಳುತ್ತೇನೆ.

ಅವನು ಬೈತಖೋಲ ಬಂದರಿನಲ್ಲಿ ಲಾಂಚುಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಇಂಜಿನ್ನುಗಳು ರಿಪೇರಿಯಾದವು, ಕಿವಿಗಳು ಕೆಟ್ಟವು. ರಿಟೈರ್ ಆಗಿ ಅಂಕೋಲೆ ಸೇರಿದ ಮೇಲೆ ಗಿಟಾರ್ ಮಾಡಲು ಕೂತ. ಅಂಗಡಿಯಲ್ಲಿ ಕೊಳ್ಳಬಾರದೇ ಎಂದರೆ, “ಅಂಗಡಿ ಗಿಟಾರಿಗೆ ಪಾಲಿಶ್ ಅದೆ, ಜೀವ ಇಲ್ಲ ವೈನಿ” ಎಂದು ಅತ್ತಿಗೆಯಾದ ನನಗೇ ಪಾಠ ಹೇಳುತ್ತಿದ್ದ. ಜೀವ ತುಂಬಲು ಆರಿಸಿದ್ದು ಏನನ್ನು? ಮುರಿದ ಪಾತಿದೋಣಿಯ ಹಲಗೆಯನ್ನು! ವರ್ಷಗಟ್ಟಲೆ ಮೀನೆಣ್ಣೆ ಕುಡಿದ ಮರ. ಅವನು ಗಿಟಾರ್ ತೆಗೆದರೆ ಓಣಿಯ ಬೆಕ್ಕುಗಳೆಲ್ಲ ಜಗಲಿಯಲ್ಲಿ ಹಾಜರ್. ಅವನಿಗಿದ್ದ ಆಡಿಯೆನ್ಸ್ ಅಷ್ಟೇ.

ಅವನ ದುಃಖವೂ ಅದೇ. ನಮ್ಮ ವಾಡೆಯ, ಎಂದರೆ ಕೇರಿಯ, ದೇವಸ್ಥಾನದಲ್ಲಿ ವರ್ಷಕ್ಕೊಮ್ಮೆ ಭಜನಾ ಸಪ್ತಾಹ. ಏಳು ದಿನ ಭಜನೆ ನಿಲ್ಲುವಂತಿಲ್ಲ, ಮನೆ ಮನೆಗೂ ಪಾಳಿ. ನಮ್ಮ ಮನೆಯ ಪಾಳಿಗೆ ಇವನು ಅಂಕೋಲೆಯಿಂದ ಬಸ್ಸಿನಲ್ಲಿ ಗಿಟಾರ್ ಹೊತ್ತು ಬರುತ್ತಿದ್ದ. ಆದರೆ ತಬಲಾ, ಹಾರ್ಮೋನಿಯಂ, ಹತ್ತಾರು ಜೋಡಿ ತಾಳ, ಅದಕ್ಕೂ ಮಿಗಿಲಾದ ಗಂಟಲುಗಳ ನಡುವೆ ಇವನದು ಕೇಳುವುದಾದರೂ ಹೇಗೆ? ಮೀನು ಲಿಲಾವಿನ ಗದ್ದಲದಲ್ಲಿ ನಿಂತು ಪಿಸುಗುಟ್ಟಿದ ಹಾಗೆ.

“ವೈನಿ, ಈ ಕಿವಿ ಪೂರ್ತಿ ಹೋಗೋದ್ರೊಳಗೆ ಒಂದು ಸಲ ನಾ ನುಡ್ಸಿದ್ದು ಮಂದಿಗೆ ಕೇಳ್ಬೇಕು. ಒಂದೇ ಸಲ ಸಾಕು” ಎಂದ ಒಮ್ಮೆ.

ನನಗೂ ಅಯ್ಯೋ ಅನ್ನಿಸಿತು; ನಮ್ಮ ಮನೆಗೇ ಬಂದು ಕೂತು ಗಿಟಾರಿಗೊಂದು ಸ್ಪೀಕರ್ ಜೋಡಿಸಿಕೋ ಎಂದೆ. ಆ ಅಯ್ಯೋ ಎಷ್ಟು ದುಬಾರಿ ಎಂದು ಆಗ ಗೊತ್ತಿರಲಿಲ್ಲ.

ಗಿಟಾರಿನ ದನಿ ಹಿಡಿದು ಸ್ಪೀಕರಿಗೆ ಕೊಡುವ ಪುಟ್ಟ ವಸ್ತುವಿಗೆ ಪಿಕಪ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಮ್ಯಾಗ್ನೆಟಿಕ್ ಎಂದರೆ ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ್ದು. ತಂತಿಗಳ ಕೆಳಗೆ ಕೂತು ಅವುಗಳ ಕುಣಿತ ಹಿಡಿಯುತ್ತದೆ. ಪಿಯೆಜೋ ಎಂದರೆ ನಾಣ್ಯದಂಥ ಬಿಲ್ಲೆ. ಮರಕ್ಕೆ ಅಂಟಿಕೊಂಡು ಮರದ ನಡುಕವನ್ನೇ ಹಿಡಿಯುತ್ತದೆ. ಇರುವುದು ಎರಡೇ ಆಯ್ಕೆ! ನನ್ನನ್ನು ನೋಡಲು ಬಂದಾಗ ಇವನ ಅಣ್ಣ ಚಹಾ ಆರುವುದರೊಳಗೆ ಒಪ್ಪಿಬಿಟ್ಟಿದ್ದರು. ಇವನು ಮಾತ್ರ ಮಳೆಗಾಲ ಮುಗಿದು ಮತ್ತೊಂದು ಮಳೆಗಾಲ ಬಂದರೂ ಮ್ಯಾಗ್ನೆಟಿಕ್ಕೋ ಪಿಯೆಜೋ ಎಂದು ನನ್ನ ತಲೆ ತಿನ್ನುತ್ತಲೇ ಇದ್ದ.

ಮೊದಲು ಮ್ಯಾಗ್ನೆಟಿಕ್. ಒಂದು ದಿನ ನನ್ನ ಅಡುಗೆಮನೆಯ ಕಪಾಟಿನ ಬಾಗಿಲು ತಂತಾನೇ ತೆರೆದುಕೊಳ್ಳತೊಡಗಿತು. ದೆವ್ವವೇ? ಅಲ್ಲ, ಬಾಗಿಲು ಹಿಡಿದಿಡುವ ಮ್ಯಾಗ್ನೆಟ್ ಮಾಯ! ಕಪಾಟು ತೆರೆದದ್ದು, ಒಳಗಿದ್ದ ಒಣಮೀನು ಕಂಡದ್ದು, ಜಗಲಿಯ ಆಡಿಯೆನ್ಸ್ ಒಳಗೆ ನುಗ್ಗಿದ್ದು, ಎಲ್ಲ ಒಟ್ಟಿಗೇ ಆಯಿತು. ಇವನು ಹಳೆಯ ಫ್ಯಾನಿನ ತಂತಿಯನ್ನು ಆ ಮ್ಯಾಗ್ನೆಟ್ಟಿಗೆ ಸುತ್ತಿ ಸುತ್ತಿ, ಗಿಟಾರಿಗೆ ಕೂರಿಸಿ, ಸ್ಪೀಕರಿಗೆ ಜೋಡಿಸಿ ಮೀಟಿದ. ಸ್ಪೀಕರಿನಿಂದ ‘ಗೊಂಯ್ಯ್’ ಬಿಟ್ಟರೆ ಬೇರೇನೂ ಇಲ್ಲ. ಬಿಚ್ಚಿದ, ಮತ್ತೆ ಸುತ್ತಿದ. ಮತ್ತೆ ‘ಗೊಂಯ್ಯ್’.

ನಾನು ತರಕಾರಿ ಹೆಚ್ಚುತ್ತ ಕೇಳಿದೆ, “ಗಿಟಾರಿಗೆ ಹಾಕಿದ ತಂತಿ ಎಂಥದ್ದೋ?”

“ತಂಗೂಸಿ ವೈನಿ. ಇಸವಾಣ ಮೀನು ಹಿಡಿಯೋ ದಪ್ಪದ್ದು. ಸ್ಟ್ರಾಂಗ್!”

ಗಾಳದ ನೈಲಾನ್ ದಾರ! “ಅಲ್ಲ ಮಾರಾಯಾ, ಮ್ಯಾಗ್ನೆಟ್ ಎಲ್ಲಾದರೂ ನೈಲಾನ್ ಹಿಡಿಯುತ್ತದೆಯೇ? ನಮಗೆ ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸಿನಲ್ಲೇ ಸಿಸ್ಟರ್ ಹೇಳಿಕೊಟ್ಟಿದ್ದರು.”

ಅವನು ನನ್ನನ್ನು ನೋಡಿದ, ಗಿಟಾರನ್ನು ನೋಡಿದ. “ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ನೀವು?” ಎಂದು ನನ್ನ ಮೇಲೆಯೇ ರೇಗಿದ!

ಸರಿ, ಸ್ಟೀಲ್ ತಂತಿ ಹಾಕಿದ. ನಮ್ಮ ಕಡಲಗಾಳಿ ಬಿಡುತ್ತದೆಯೇ? ತಿಂಗಳು ತುಂಬುವುದರೊಳಗೆ ತುಕ್ಕು. ಅದರ ಮೇಲೆ ಟ್ಯೂಬ್‌ಲೈಟ್ ಹಾಕಿದರೆ ಒಂದು ‘ಗೊಂಯ್ಯ್’, ಫ್ಯಾನ್ ಹಾಕಿದರೆ ಇನ್ನೊಂದು. ಬೆರಳುಗಳಂತೂ ಕೆಂಪುಕೆಂಪು. ಆ ವಯಸ್ಸಿಗೆ ತಂಗೂಸಿಯೇ ಹಿತ ಎಂದು ಕೊನೆಗೆ ಒಪ್ಪಿಕೊಂಡ.

ಹಾಗಾಗಿ ಪಿಯೆಜೋ. ಆ ಬಿಲ್ಲೆ ಎಲ್ಲಿಂದ ಬಂತು ಎಂದು ಕೇಳಬೇಡಿ. ನನ್ನ ಕಾಲಿಂಗ್ ಬೆಲ್ ಅಂದಿನಿಂದ ಮೌನವ್ರತ ಹಿಡಿದಿದೆ, ಬಂದವರೆಲ್ಲ “ಬಾಯೀ, ಓ ಬಾಯೀ” ಎಂದು ಗೇಟಿನಲ್ಲೇ ಕೂಗಬೇಕು. ಪಿಯೆಜೋಗೆ ನೈಲಾನ್ ಆದರೂ ಸೈ, ಸ್ಟೀಲ್ ಆದರೂ ಸೈ. ಆದರೆ ಅದಕ್ಕೆ ಡಿಸ್ಕ್ರಿಮಿನೇಶನ್ ಎಂಬುದೇ ಇಲ್ಲ! ಅಂಗಿಯ ಗುಂಡಿ ತಾಗಿದರೆ ಗುಡುಗು, ಬೆಕ್ಕು ಮೈ ಉಜ್ಜಿದರೆ ಭೂಕಂಪ. ಕಿವಿ ಮಂದವಾದ ಮೇಲೆ ಇವನಿಗೆ ಗಲ್ಲವನ್ನು ಗಿಟಾರಿಗೆ ಒತ್ತಿ ನುಡಿಸುವ ಅಭ್ಯಾಸ ಬೇರೆ ಆಗಿತ್ತು. ಹಾಗೆ ಒತ್ತಿದರೆ ನಾದ ಎಲುಬಿನೊಳಗಿಂದ ಬಂದು ಅವನಿಗೆ ಅಷ್ಟಿಷ್ಟು ಕೇಳುತ್ತಿತ್ತು. ಅವನ ಬಾಯಿಯ ಮಾತು ಅದೇ ದಾರಿಯಲ್ಲಿ ವಾಪಸ್ ಹೋಗಬಹುದೆಂದು ನಮಗಾರಿಗೂ ಹೊಳೆಯಲಿಲ್ಲ.

ಸಪ್ತಾಹ ಬಂತು. ಸಂಜೆಯ ಹೊತ್ತಿಗೆ ನಮ್ಮ ಪಾಳಿ. ಇವನು ಇಸ್ತ್ರಿ ಅಂಗಿ ಹಾಕಿ, ಗುಂಡಿಗಳ ಮೇಲೆ ಟೇಪ್ ಅಂಟಿಸಿಕೊಂಡು, ಗಿಟಾರಿನ ವೈರನ್ನು ದೇವಸ್ಥಾನದ ಸ್ಪೀಕರಿಗೆ ಸಿಕ್ಕಿಸಿ ಕೂತ. ಅಭಂಗ ಶುರುವಾಯಿತು. ಇವನು ಗಲ್ಲ ಒತ್ತಿದ, ಕಣ್ಣು ಮುಚ್ಚಿದ. ಆಗ ಸ್ಪೀಕರುಗಳಿಂದ ಅವನದೇ ಗೊಣಗು ಗಂಭೀರವಾಗಿ ಹೊರಟಿತು:

“ತಾಳ ಎಳೀತಾ ಇದ್ದ... ಎಳೀತಾ ಇದ್ದ ಈ ತಬಲದವ... ಮಧ್ಯಾಹ್ನ ಊಟ ಜಾಸ್ತಿ ಆಗಿದೆ ಮಗನಿಗೆ...”

ತಬಲದವನ ಕೈ ನಿಂತಿತು. ಹಾರ್ಮೋನಿಯಂನವನು ನಗು ತಡೆಯಲಾರದೆ ತಲೆ ತಗ್ಗಿಸಿದ. “ಹಾರ್ಮೋನಿಯಂ ಪೇಟಿ ಇವನದಾ, ಬಾಡಿಗೆದಾ...” ಎಂದಿತು ಸ್ಪೀಕರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಭೂಮಿ ಬಾಯಿ ಬಿಡಲಿ ಎಂದು ಕಾದೆ, ಅದೂ ಬಿಡಲಿಲ್ಲ. ಹಾಡುವವರು ನಿಂತರು, ತಾಳಗಳು ನಿಂತವು. ಇವನಿಗೆ ಮಾತ್ರ ಏನೂ ಗೊತ್ತಿಲ್ಲ, ನುಡಿಸುತ್ತಲೇ ಇದ್ದ.

ನಗು ಅಡಗಿದ ಮೇಲೆ ಉಳಿದದ್ದು ಗಿಟಾರ್ ಒಂದೇ. ನಿಧಾನಕ್ಕೆ, ದಡ ಮುಟ್ಟಿ ಹಿಂದೆ ಸರಿಯುವ ಅಲೆಯಷ್ಟು ಮೆತ್ತಗೆ. ಗಲ್ಲದಿಂದ ಮರಕ್ಕಿಳಿದ ಅವನ ಗುನುಗು ಅದರ ಅಡಿಯಲ್ಲಿತ್ತು. ತಬಲದವನು ಕೈಗಳನ್ನು ಮಡಿಲಲ್ಲಿಟ್ಟು ಕೇಳುತ್ತಿದ್ದ. ತೇರಿನ ಗದ್ದಲದ ಹಾಗೆ ಮಾತಾಡುವ ನಮ್ಮ ಓಣಿಯ ಹೆಂಗಸರು ಉಸಿರೆತ್ತಲಿಲ್ಲ. ಇಷ್ಟು ವರ್ಷ ಇವನು ಇದನ್ನೇ ನುಡಿಸುತ್ತಿದ್ದನೇ, ನಮ್ಮ ಪಕ್ಕದಲ್ಲೇ ಕೂತು?

ಮುಗಿಸಿ ಕಣ್ಣು ತೆರೆದ. ಎಲ್ಲರೂ ವಾದ್ಯ ಕೆಳಗಿಟ್ಟು ಕೂತಿದ್ದರು. ಅವನ ಮುಖ ಬಾಡಿತು. ಗಿಟಾರನ್ನು ಚೀಲಕ್ಕೆ ತುರುಕಿ ಹಿಂದಿನ ಬಾಗಿಲಿನಿಂದ ಹೊರಟೇಬಿಟ್ಟ. ಚಪ್ಪಲಿ ಹುಡುಕಿ ನಾನು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಅಂಕೋಲೆಯ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ.

“ನನ್ನಿಂದಾಗಿ ಭಜನೆ ನಿಂತೋಯ್ತು ವೈನಿ. ಅಷ್ಟು ಕೆಟ್ಟದಾಗಿ ನುಡ್ಸಿದ್ನಾ? ಪಿಯೆಜೋ ಬೇಡ, ತೆಗೀತೆ.”

“ಕೇಳಿತೋ ಮಾರಾಯಾ! ನಿನ್ನದೊಂದೇ ಕೇಳಿತು! ಅದನ್ನು ಕೇಳಲಿಕ್ಕೇ ಎಲ್ಲ ಸುಮ್ಮನಾದದ್ದು!”

“ಆಂ?” ಎಂದು ಕಿವಿಗೆ ಕೈ ಹಿಡಿದ. ಇಂಜಿನ್ ಗುಡುಗುಟ್ಟಿತು, ಬಸ್ಸು ಹೊರಟಿತು. ವಯಸ್ಸು, ಮರ್ಯಾದೆ ಎಲ್ಲ ಮರೆತು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತ ಮತ್ತೆ ಕೂಗಿದೆ.

ನಾನು ಅವನನ್ನು ನೋಡಿದ್ದು ಅದೇ ಕೊನೆ; ಸಪ್ತಾಹ ಮುಗಿಯುವುದರೊಳಗೆ ಅಂಕೋಲೆಯಿಂದ ಅವನು ತೀರಿಕೊಂಡ ಸುದ್ದಿ ಬಂತು. ಅಂದು ಕಿಟಕಿಯಿಂದ ತಲೆ ಹೊರಹಾಕಿ ನಕ್ಕ, ಹೌದು ಹೌದು ಎಂಬಂತೆ ತಲೆಯಾಡಿಸಿದ. ಕಿವಿ ಮಂದವಾದವರು ಕೇಳಿದ್ದಕ್ಕೂ ಕೇಳದ್ದಕ್ಕೂ ಹಾಗೆಯೇ ತಲೆಯಾಡಿಸುತ್ತಾರೆ.