ಜಿರಾಫೆಯ ಗದ್ದದ ಕೆಳಗೆ

ಹೆಂಡತಿ: ಮಕ್ಕಳ ಮೆನುವಿಂದ ಒಂದು ನೂಡಲ್ಸ್. ಬರ್ಕೊಳ್ಳಪ್ಪ.

ಪುಟ್ಟಿ: ಬರ್ಕೋಬೇಡಿ ಅಂಕಲ್.

ಹೆಂಡತಿ: ಬರ್ಕೋ.

ಪುಟ್ಟಿ: ಬೇಡ ಅಂದ್ನಲ್ಲ! ನಂಗೆ ದೊಡ್ಡೋರ ಮೆನುಲಿರೋ ಖಾರದ ಮೀನು ಬೇಕು.

ಹೆಂಡತಿ: ಅದರ ಪಕ್ಕದಲ್ಲಿ ಮೂರು ಮೆಣಸಿನಕಾಯಿ ಚಿತ್ರ ಹಾಕಿದ್ದಾರೆ, ಕಾಣಿಸ್ತಾ? ಮೂರು! ನಿನ್ನ ಹೊಟ್ಟೆಗೆ ಒಂದೇ ಜಾಸ್ತಿ.

ವೇಟರ್‌ನ ಪೆನ್ನು ಚೀಟಿಯ ಮೇಲೆ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಅರ್ಧ ತಲೆ ನೆರೆತ ಮನುಷ್ಯ. ಇಂಥ ಜಗಳಗಳ ಮಧ್ಯೆ ನಿಂತು ನಿಂತೇ ಅವನ ಮಂಡಿ ಸವೆದಿತ್ತು. ಕೊನೆಗೆ ಅವನು ಆಸೆಯಿಂದ ಮನೆಯ ಯಜಮಾನನ ಕಡೆ ನೋಡಿದ.

ಯಜಮಾನ ಇನ್ಸ್‌ಪೆಕ್ಟರ್. ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ, ಅಳತೆ-ತೂಕದ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಲೀಟರು, ಮೀಟರು ಎಲ್ಲ ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ಹದಿನಾರು ವರ್ಷದ ನೌಕರಿಯಲ್ಲಿ ಒಂದೇ ಒಂದು ಸುಳ್ಳು ಅಳತೆಗೂ ಸಹಿ ಹಾಕಿದವನಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅಂಗಡಿಯವನ ಬೆವರಿಳಿಸಿಬಿಡುತ್ತಿದ್ದ. ಈಗ ಅವನು ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ.

ಇನ್ಸ್‌ಪೆಕ್ಟರ್: ನಂಗೊಂದು ಸೂಪ್.

ಪುಟ್ಟಿ: ಅಪ್ಪ! ನೀನೇನಾದ್ರೂ ಹೇಳು. ಅಲ್ಲಿ ಕಿಟಕಿ ಹತ್ರ ಕೂತಿರೋರು ನಮ್ಮ ಕ್ಲಾಸಿನ ಹುಡುಗೀರು. ನಾಲ್ಕು ಜನ! ಎಲ್ಲರೂ ಈ ಕಡೆನೇ ನೋಡ್ತಿದ್ದಾರೆ.

ಇನ್ಸ್‌ಪೆಕ್ಟರ್: ನೋಡ್ಲಿ ಬಿಡು. ನೂಡಲ್ಸ್ ತಿನ್ನೋದು ಅಪರಾಧವಾ?

ಪುಟ್ಟಿ: ಬರೀ ನೂಡಲ್ಸ್ ಅಲ್ಲಪ್ಪ. ಬಟಾಣಿ ಕಣ್ಣು, ಕ್ಯಾರೆಟ್ ಮೂಗು ಇಟ್ಟಿರ್ತಾರೆ. ಕುತ್ತಿಗೆಗೆ ಬಾತುಕೋಳಿ ಚಿತ್ರದ ಬಟ್ಟೆ ಕಟ್ತಾರೆ. ತಟ್ಟೆ ಖಾಲಿ ಮಾಡಿದ್ರೆ ಎಲ್ಲ ವೇಟರ್‌ಗಳೂ ಸುತ್ತ ನಿಂತು ಚಪ್ಪಾಳೆ ತಟ್ತಾರೆ!

ವೇಟರ್: ಹಾಡೂ ಇದೆ.

ಪುಟ್ಟಿ: ಹಾಡೂ ಇದೆಯಂತೆ! ನಾಳೆ ನಾನು ಶಾಲೆಗೆ ಹೇಗೆ ಹೋಗ್ಲಿ?

ಅವಳ ದನಿಯಲ್ಲಿ ಅಳು ಇಣುಕಿತು. ಹನ್ನೊಂದು ತುಂಬಿ ಮೂರು ತಿಂಗಳಾಗಿತ್ತು. ಆ ವಯಸ್ಸಿನಲ್ಲಿ ಬಾತುಕೋಳಿ ಬಟ್ಟೆ ಅಂದರೆ ತಮಾಷೆಯಲ್ಲ, ಮಾನದ ಪ್ರಶ್ನೆ. ಇನ್ಸ್‌ಪೆಕ್ಟರ್‌ಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಮನೆಯವರ ಮುಂದೆ ಅವನಿಗಿರಲಿಲ್ಲ.

ಹೆಂಡತಿ: ನಾಚಿಕೆ ಯಾಕೆ? ನನ್ನ ಕಣ್ಣಿಗೆ ನೀನಿನ್ನೂ ಮಗುನೇ.

ಪುಟ್ಟಿ: ಪಾತ್ರೆ ತೊಳೆಯೋವಾಗ ಮಾತ್ರ ‘ಇಷ್ಟು ದೊಡ್ಡ ಹುಡುಗಿ, ಇಷ್ಟೂ ಬರಲ್ವಾ’ ಅಂತೀಯ.

ಹೆಂಡತಿ: ಮನೆ ಬೇರೆ, ಹೋಟೆಲ್ ಬೇರೆ.

ಪುಟ್ಟಿ: ಹಾಗಾದ್ರೆ ಮನೇಲಿ ನಂಗೆಷ್ಟು ವರ್ಷ, ಹೋಟೆಲಲ್ಲಿ ಎಷ್ಟು ವರ್ಷ, ಒಂದು ಪಟ್ಟಿ ಬರ್ಕೊಟ್ಬಿಡು. ಗೋಡೆಗೆ ಅಂಟಿಸ್ಕೋತೀನಿ.

ಹೆಂಡತಿ: ಬಾಯಿ ಮೇಲೆ ಬೆರಳು!

ಪುಟ್ಟಿಯ ಕೈ ಮೇಲೇಳಲಿಲ್ಲ. ವೇಟರ್ ಮಾತ್ರ ಗೊತ್ತಿಲ್ಲದೇ ಬಾಯಿ ಮೇಲೆ ಬೆರಳಿಟ್ಟುಕೊಂಡ. ಅವನ ತಪ್ಪೇನೂ ಇಲ್ಲ. ಆಕೆ ಹದಿನೈದು ವರ್ಷದಿಂದ ಒಂದನೇ ಕ್ಲಾಸಿಗೆ ಟೀಚರ್. ಜಗತ್ತಿನಲ್ಲಿ ಆರು ವರ್ಷ ಮೀರಿದವರು ಯಾರಾದರೂ ಇದ್ದಾರೆಂದು ಆಕೆಗೆ ನಂಬಿಕೆಯೇ ಇರಲಿಲ್ಲ. ದಿನವಿಡೀ ಪುಟಾಣಿಗಳ ನಡುವೆ ಓಡಾಡಿ, ತಾನು ಭಾರಿ ಎತ್ತರದ ಹೆಂಗಸು ಅನ್ನುವ ಭಾವನೆಯೂ ಆಕೆಯಲ್ಲಿ ಬೇರು ಬಿಟ್ಟಿತ್ತು. ಆ ಭಾವನೆಗೆ ಆಸರೆಯಾಗಿ ಮೂರಿಂಚಿನ ಹಿಮ್ಮಡಿಯ ಚಪ್ಪಲಿಯೂ ಇತ್ತು.

ಹೆಂಡತಿ: ಈಗ ನಾನು ಹೇಳಿದ್ದನ್ನ ಒಂದ್ಸಲ ಹೇಳು ನೋಡೋಣ. ಜೋರಾಗಿ. ಕೊನೇ ಬೆಂಚಿಗೂ ಕೇಳ್ಬೇಕು.

ವೇಟರ್: ಮಕ್ಕಳ ಮೆನು ನೂಡಲ್ಸ್ ಒಂದು...

ಹೆಂಡತಿ: ಜಾಣ.

ವೇಟರ್: ...ಆದ್ರೆ ಕೊಡೋಕಾಗಲ್ಲ ಮೇಡಂ.

ಹೆಂಡತಿ: ಯಾಕಾಗಲ್ಲ? ಅವಳಿಗಿನ್ನೂ ಒಂಬತ್ತು.

ಪುಟ್ಟಿ: ಅಮ್ಮ!

ವೇಟರ್: ವಯಸ್ಸು ಕೇಳೋದನ್ನ ನಾವು ಬಿಟ್ಟೇಬಿಟ್ಟಿದ್ದೀವಿ ಮೇಡಂ. ಕೇಳಿದ್ರೆ ಎಲ್ಲರಿಗೂ ಒಂಬತ್ತೇ. ಹೋದ ವರ್ಷ ಒಬ್ಬ ಒಂಬತ್ತು ವರ್ಷದವನು ಬೈಕ್ ಓಡಿಸ್ಕೊಂಡು ಬಂದಿದ್ದ. ‘ಮೀಸೆ ಬಂದವರಿಗೆಲ್ಲ ಕ್ಯಾರೆಟ್ ಮೂಗು ಇಡು ಅಂದ್ರೆ ಕೆಲಸ ಬಿಟ್ಟು ಹೋಗ್ತೀನಿ’ ಅಂತ ನಮ್ಮ ಅಡುಗೆಯವರು ಕೂತ್ಬಿಟ್ರು. ಅದಕ್ಕೇ ಹೋಟೆಲ್ ಯಜಮಾನರು ಜಿರಾಫೆ ತಂದಿದ್ದು.

ಅವನು ಪೆನ್ನಿನಿಂದ ಪಕ್ಕದ ಕಂಬ ತೋರಿಸಿದ. ಕಂಬದ ಮೇಲೆ ಹಳದಿ ಜಿರಾಫೆಯೊಂದನ್ನು ಬಿಡಿಸಿದ್ದರು. ಮೈತುಂಬ ಅಡಿ, ಇಂಚಿನ ಗೆರೆಗಳು. ಅದರ ಗದ್ದದ ಹತ್ತಿರ ಕೆಂಪು ಗೆರೆ, ಐದು ಅಡಿ. ಕೆಳಗೊಂದು ಬೋರ್ಡು: ‘ಬರಿಗಾಲಲ್ಲಿ ನಿಂತಾಗ ಜಿರಾಫೆಯ ಗದ್ದ ಮುಟ್ಟದವರೆಲ್ಲರಿಗೂ ಮಕ್ಕಳ ಮೆನು. ಮುಟ್ಟಿದವರಿಗೆ ಇಲ್ಲ. ವಾದ ಬೇಡ.’

ಪುಟ್ಟಿ ಚಪ್ಪಲಿ ಕಳಚಿ ಆಗಲೇ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ವೇಟರ್ ಮೆನು ಕಾರ್ಡನ್ನು ಅವಳ ನೆತ್ತಿಯ ಮೇಲೆ ಅಡ್ಡಲಾಗಿ ಇಟ್ಟ. ಕೆಂಪು ಗೆರೆ ದಾಟಿ ಎರಡು ಬೆರಳು ಮೇಲಿತ್ತು.

ಪುಟ್ಟಿ: ನೋಡ್ಕೋ! ಖಾರದ ಮೀನು!

ಹೆಂಡತಿಯ ಮುಖ ಸಪ್ಪಗಾಯಿತು. ಅದು ಬರೀ ಹಟವಲ್ಲವೆಂದು ಇನ್ಸ್‌ಪೆಕ್ಟರ್‌ಗೆ ಗೊತ್ತು. ಕೈತುತ್ತು ತಿನ್ನುತ್ತಿದ್ದವಳು ಹೋದ ತಿಂಗಳು ಇದ್ದಕ್ಕಿದ್ದಂತೆ ‘ನಾನೇ ತಿಂತೀನಿ’ ಅಂದಾಗಲೂ ಆಕೆ ಇದೇ ಮುಖ ಮಾಡಿಕೊಂಡು ಅಡುಗೆಮನೆಗೆ ಹೋಗಿದ್ದಳು. ಸಮಾಧಾನಕ್ಕೆ ಏನಾದರೂ ಹೇಳಬೇಕು ಅಂದುಕೊಂಡು ಅವನು ಕಂಬ ನೋಡಿದ. ನೋಡಿದವನ ಕಣ್ಣು ಕಂಬದ ಬುಡದಲ್ಲೇ ನಿಂತುಬಿಟ್ಟಿತು.

ಇನ್ಸ್‌ಪೆಕ್ಟರ್: ರೀ ಸ್ವಾಮಿ, ಈ ಜಿರಾಫೆಗೆ ಗೊರಸೆಲ್ಲಿ?

ವೇಟರ್: ಹಾಂ?

ಇನ್ಸ್‌ಪೆಕ್ಟರ್: ಕಾಲಿದೆ, ಗೊರಸಿಲ್ಲ. ನೆಲದೊಳಗೆ ಹೂತಿದೆ. ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ್ರಾ?

ವೇಟರ್: ಎರಡು ತಿಂಗಳಾಯ್ತು ಸಾರ್. ಹಳೇ ನೆಲದ ಮೇಲೇ ಹಾಕಿದ್ರು.

ಇನ್ಸ್‌ಪೆಕ್ಟರ್: ಜಿರಾಫೆ ಬರೆದಿದ್ದು ಅದಕ್ಕೂ ಮುಂಚೆ! ಅಂದ್ರೆ ನೆಲ ಮೇಲೆ ಬಂದಿದೆ, ಗೆರೆ ಅಲ್ಲೇ ಇದೆ. ಸುಳ್ಳು ಅಳತೆ!

ಭಾನುವಾರ ಅನ್ನುವುದು ಅವನಿಗೆ ಮರೆತೇಹೋಯಿತು. ಜೇಬಿನಿಂದ ಸರ್ರನೆ ಟೇಪ್ ಎಳೆದ. ಮದುವೆಮನೆಗೆ ಹೋದರೂ ಆ ಉಕ್ಕಿನ ಟೇಪು ಅವನ ಜೇಬಿನಲ್ಲೇ ಇರುತ್ತಿತ್ತು.

ವೇಟರ್: ಸಾರ್ ಯಾರು ಗೊತ್ತಾಗ್ಲಿಲ್ಲ...

ಹೆಂಡತಿ: ಇನ್ಸ್‌ಪೆಕ್ಟರ್!

ವೇಟರ್: ಅಯ್ಯೋ ಸಾರ್, ಅಡುಗೆಮನೆ ಕ್ಲೀನಾಗಿದೆ ಸಾರ್. ಆ ಬೆಕ್ಕು ನಮ್ಮದಲ್ಲ.

ಇನ್ಸ್‌ಪೆಕ್ಟರ್: ಬೆಕ್ಕಿನ ವಿಷಯ ನಂಗೆ ಬೇಡ. ಈ ತುದಿ ನೆಲಕ್ಕೆ ಒತ್ತಿ ಹಿಡ್ಕೊಳ್ಳಿ. ನೋಡಿ! ನೀವು ಐದು ಅಡಿ ಅಂತ ಬರೆದಿರೋ ಗೆರೆ ಇರೋದು ನಾಲ್ಕು ಅಡಿ ಹತ್ತು ಇಂಚಲ್ಲಿ. ಎರಡು ಇಂಚು ಮೋಸ!

ಹೆಂಡತಿ: ಅಂದ್ರೆ ಪುಟ್ಟಿ?

ಇನ್ಸ್‌ಪೆಕ್ಟರ್: ಗೆರೆಗಿಂತ ಎರಡು ಬೆರಳು, ಅಂದ್ರೆ ಒಂದೂವರೆ ಇಂಚು ಮೇಲಿದ್ಲು. ಎರಡು ಇಂಚು ಕಳೆದ್ರೆ ಐದು ಅಡಿಗೆ ಅರ್ಧ ಇಂಚು ಕಮ್ಮಿ.

ಹೆಂಡತಿ: ಮಗು! ನಾನು ಹೇಳ್ಲಿಲ್ವಾ? ಮೊದ್ಲಿಂದ ಬಡ್ಕೋತಿದ್ದೀನಿ, ಮಗು ಅಂತ! ಬರ್ಕೊಳ್ಳಪ್ಪ, ನೂಡಲ್ಸ್. ಬಾತುಕೋಳಿ ಬಟ್ಟೆನೂ ತಗೊಂಡು ಬಾ.

ಪುಟ್ಟಿ: ಅಪ್ಪ, ನೀನು ಯಾರ ಕಡೆ?

ಇನ್ಸ್‌ಪೆಕ್ಟರ್: ನಾನು ಅಳತೆ ಕಡೆ ಪುಟ್ಟಿ.

ಮಗಳು ಕಿಟಕಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಹೆಂಡತಿ ಮಾತ್ರ ಗಂಡನನ್ನು ಎಷ್ಟೋ ವರ್ಷದ ಮೇಲೆ ಮೆಚ್ಚುಗೆಯಿಂದ ನೋಡುತ್ತಿದ್ದಳು. ಅವನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಮಗಳ ಬಗ್ಗೆ ಅಯ್ಯೋ ಪಾಪ. ಟೇಪ್ ಮಡಚಲು ಹೋದ.

ವೇಟರ್: ಸಾರ್, ಒಂದು ನಿಮಿಷ. ಬೋರ್ಡಲ್ಲಿ ‘ಗದ್ದ ಮುಟ್ಟದವರೆಲ್ಲರಿಗೂ’ ಅಂತಿದೆ. ಎಲ್ಲರಿಗೂ.

ಇನ್ಸ್‌ಪೆಕ್ಟರ್: ಹೌದು. ಅದಕ್ಕೇನು?

ವೇಟರ್: ಅಳತೆ ಅಂದ್ಮೇಲೆ ಎಲ್ಲರಿಗೂ ಒಂದೇ ಅಳತೆ ಅಲ್ವಾ ಸಾರ್? ಮೇಡಂ ಕೂಡ ಒಂದ್ಸಲ ನಿಂತುಬಿಟ್ರೆ...

ಹೆಂಡತಿ: ಯಾರು, ನಾನಾ? ನಾನು ಐದು ಅಡಿ ಎರಡು ಇಂಚು ಕಣಯ್ಯಾ!

ವೇಟರ್: ಹಾಗಾದ್ರೆ ಭಯ ಯಾಕೆ ಮೇಡಂ? ಜಾಣರ ಹಾಗೆ ಬಂದು ನಿಂತ್ಕೊಳ್ಳಿ.

ಇನ್ಸ್‌ಪೆಕ್ಟರ್ ಟೇಪನ್ನು ಬೆನ್ನ ಹಿಂದೆ ಅಡಗಿಸಿದ. ಐದು ಅಡಿ ಎರಡು ಇಂಚು ಅನ್ನುವುದು ಮದುವೆಗೆ ಮುಂಚೆ ಆಕೆ ತಾನಾಗಿ ಹೇಳಿದ ಅಂಕಿ. ಊರಿನ ಯಾವ ತಕ್ಕಡಿಯನ್ನೂ ಬಿಡದವನು ಈ ಒಂದು ಅಂಕಿಯ ತಂಟೆಗೆ ಇವತ್ತಿನವರೆಗೂ ಹೋಗಿರಲಿಲ್ಲ. ಮನೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಆಕೆಯ ನೆತ್ತಿ ತನ್ನ ಎದೆಯ ಹತ್ತಿರ ಬರುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಟೇಪ್ ಹಿಡಿಯದೇ ಇದ್ದುದರಿಂದಲೇ ಸಂಸಾರ ನೆಟ್ಟಗೆ ನಡೆದಿತ್ತು.

ಇನ್ಸ್‌ಪೆಕ್ಟರ್: ಇರಲಿ ಬಿಡಿ, ಊಟ ತಡ ಆಗುತ್ತೆ.

ಪುಟ್ಟಿ: ನಂಗೇನೂ ಅವಸರ ಇಲ್ಲಪ್ಪ. ಅಮ್ಮ, ಚಪ್ಪಲಿ ಬಿಡು.

ಆಕೆ ಚಪ್ಪಲಿ ಬಿಟ್ಟು ಕೆಳಗಿಳಿದಳು. ಇಳಿದಳು ಅಂತಲೇ ಹೇಳಬೇಕು, ಅಷ್ಟು ವ್ಯತ್ಯಾಸವಾಯಿತು. ಕಂಬಕ್ಕೆ ಆತು, ಕತ್ತು ನೀಡಿ, ಉಸಿರು ಎಳೆದುಕೊಂಡು ನಿಂತಳು.

ಪುಟ್ಟಿ: ಹಿಮ್ಮಡಿ ಕೆಳಗೆ.

ಹೆಂಡತಿ: ಕೆಳಗೇ ಇದೆ!

ಪುಟ್ಟಿ: ತುರುಬು ಲೆಕ್ಕಕ್ಕಿಲ್ಲ ಅಂಕಲ್, ಒತ್ತಿ ಹಿಡೀರಿ.

ವೇಟರ್ ಭಕ್ತಿಯಿಂದ ತುರುಬಿನ ಮೇಲೆ ಮೆನು ಕಾರ್ಡು ಒತ್ತಿದ. ಕೆಂಪು ಗೆರೆ ದಾಟಿ ಒಂದೇ ಬೆರಳು. ಮಗಳಿಗಿಂತ ಒಂದು ಬೆರಳು ಕಮ್ಮಿ. ಇನ್ಸ್‌ಪೆಕ್ಟರ್ ಟೇಪ್ ಏರಿಸಿದ. ನಾಲ್ಕು ಅಡಿ ಹತ್ತೂಮುಕ್ಕಾಲು ಇಂಚು. ಟೇಪ್ ಸುಳ್ಳು ಹೇಳುವುದಿಲ್ಲ, ಅವನೂ ಹೇಳುವುದಿಲ್ಲ. ಬಾಯಿ ತೆರೆದವನು ಹೆಂಡತಿಯ ಕಣ್ಣು ನೋಡಿ ಟೇಪಿನ ಅಂಕಿಯ ಮೇಲೆ ಹೆಬ್ಬೆರಳು ಇಟ್ಟ.

ವೇಟರ್: ಎಷ್ಟು ಸಾರ್? ಜೋರಾಗಿ ಹೇಳಿ. ಕೊನೇ ಬೆಂಚಿಗೂ ಕೇಳ್ಬೇಕು.

ಇನ್ಸ್‌ಪೆಕ್ಟರ್: ನಾಲ್ಕು...

ಹೆಂಡತಿ: ರೀ!

ಇನ್ಸ್‌ಪೆಕ್ಟರ್: ನಾಲ್ಕು ಜನ ನೋಡ್ತಿದ್ದಾರೆ ಅಂದೆ.

ವೇಟರ್: ಹೊಸ ಅಳತೆ ಪ್ರಕಾರ ಐದು ಅಡಿ ಒಳಗೇ ಬಂದ್ರೆ ಎರಡು ನೂಡಲ್ಸ್ ಆಯ್ತು. ಬಾತುಕೋಳಿ ಬಟ್ಟೆನೂ ಎರಡು ತರ್ತೀನಿ. ಹಾಡೊಂದು ಒಟ್ಟಿಗೇ ಹಾಡಿಬಿಡ್ತೀವಿ.

ಹೆಂಡತಿ: ನಿಲ್ಲಪ್ಪ! ಹೊಸ ಅಳತೆನಾ? ಯಾವ ಹೊಸ ಅಳತೆ? ಮನುಷ್ಯರು ನಿಲ್ಲೋದು ನೆಲದ ಮೇಲೋ, ನೆಲದ ಕೆಳಗೋ? ಜಿರಾಫೆ ಎರಡು ತಿಂಗಳಿಂದ ಹೀಗೇ ಇದೆ, ಯಾರೂ ತಕರಾರು ಮಾಡಿಲ್ಲ. ಇವರದ್ದೊಂದು ಅತಿ. ಕಂಡ ಕಂಡಲ್ಲೆಲ್ಲ ಟೇಪ್ ಎಳೀತಾರೆ!

ವೇಟರ್: ಅಂದ್ರೆ ಹಳೇ ಗೆರೆನೇ ಸರಿನಾ ಮೇಡಂ?

ಹೆಂಡತಿ: ನೂರಕ್ಕೆ ನೂರು ಸರಿ.

ವೇಟರ್: ಹಾಗಾದ್ರೆ ಪಾಪು...

ಹೆಂಡತಿ: ಯಾರಯ್ಯ ಪಾಪು? ಇಷ್ಟುದ್ದ ಬೆಳೆದು ನಿಂತಿದ್ದಾಳೆ, ಕಣ್ಣು ಕಾಣಿಸಲ್ವಾ? ಹನ್ನೊಂದು ವರ್ಷದ ಹುಡುಗೀನ ಹಿಡ್ಕೊಂಡು ಪಾಪು ಅಂತೆ! ಖಾರದ ಮೀನು ಬರ್ಕೋ.

ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದ ಮಗುವಿನ ಬಾಲ್ಯವನ್ನು ತಾಯಿ ಒಂದು ಉಸಿರಿನಲ್ಲಿ ಮುಗಿಸಿಬಿಟ್ಟಳು. ಚಪ್ಪಲಿ ಏರಿ, ಸೆರಗು ಸರಿಮಾಡಿಕೊಂಡು, ಏನೂ ನಡೆಯದವಳಂತೆ ಕುಳಿತಳು.

ಮೀನು ಬಂತು. ಕೆಂಪಗೆ ಕುದಿಯುತ್ತಿತ್ತು. ಪುಟ್ಟಿ ಕಿಟಕಿಯ ಕಡೆಗೊಮ್ಮೆ ಗತ್ತಿನಿಂದ ನೋಡಿ ಮೊದಲ ತುತ್ತು ಬಾಯಿಗಿಟ್ಟಳು. ಕಿವಿ ಕೆಂಪಾಯಿತು, ಮೂಗು ಸೋರಿತು, ಕಣ್ಣಲ್ಲಿ ದಳದಳ ನೀರು.

ಹೆಂಡತಿ: ಹೇಗಿದೆ?

ಪುಟ್ಟಿ: ಚೆನ್ನಾ... ಚೆನ್ನಾಗಿದೆ.

ಹೆಂಡತಿ ನೀರಿನ ಲೋಟವನ್ನು ಮೆಲ್ಲಗೆ ಮಗಳ ಕಡೆ ತಳ್ಳಿದಳು. ಅಷ್ಟರಲ್ಲಿ ವೇಟರ್ ಕೆಂಪು ಬಣ್ಣದ ಡಬ್ಬಿ, ಬ್ರಷ್ಷು, ಒಂದು ಖಾಲಿ ಹಾಳೆ ಹಿಡಿದು ಬಂದ.

ವೇಟರ್: ಸಾರ್, ವಿಷಯ ಯಜಮಾನರಿಗೆ ಹೇಳಿದೆ. ಇನ್ಸ್‌ಪೆಕ್ಟರ್ ಸಾಹೇಬರು ಏನಂತಾರೋ ಹಾಗೆ ಅಂದ್ರು. ಗೆರೆ ಎರಡು ಇಂಚು ಮೇಲಕ್ಕೆ ಏರಿಸಿಬಿಡ್ಲಾ?

ತಾಯಿ ತಿನ್ನುವುದನ್ನು ನಿಲ್ಲಿಸಿದಳು. ಮಗಳು ಅಳುವುದನ್ನು ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ಗೊರಸಿಲ್ಲದ ಜಿರಾಫೆಯನ್ನು ನೋಡಿದ. ಹದಿನಾರು ವರ್ಷದ ನೌಕರಿ ಕಣ್ಣ ಮುಂದೆ ಬಂತು, ಬೆವರಿಳಿಸಿದ ಅಂಗಡಿಯವರೆಲ್ಲ ಸಾಲಾಗಿ ಬಂದರು. ನಾಳೆ ಅವರಿಗೆ ಯಾವ ಮುಖ ತೋರಿಸುವುದು? ಆದರೆ ಇವತ್ತು ಸಂಜೆ ಹೋಗಬೇಕಾದದ್ದು ಮನೆಗೆ.

ಇನ್ಸ್‌ಪೆಕ್ಟರ್: ಬೇಡ. ಅಳತೆ... ಸರಿಯಾಗಿದೆ.

ವೇಟರ್: ಹಾಗಂತ ಒಂದು ಸಾಲು ಬರ್ಕೊಡಿ ಸಾರ್. ಕಂಬದ ಮೇಲೇ ಅಂಟಿಸ್ತೀವಿ. ಆಮೇಲೆ ಯಾವ ತಾಯಂದಿರೂ ಜಗಳ ಆಡಲ್ಲ.

ಅವನು ಹಾಳೆ ಎಳೆದುಕೊಂಡ. ‘ಪರೀಕ್ಷಿಸಲಾಗಿದೆ. ಅಳತೆ ಸರಿಯಾಗಿದೆ’ ಎಂದು ಬರೆದ. ಸಹಿಗೆ ಬಂದಾಗ ಪೆನ್ನು ಸೊಟ್ಟಗೆ ಹೋಯಿತು.

ಹೆಂಡತಿ: ರೀ, ಅಕ್ಷರ ದುಂಡಗಿರಲಿ. ನಾಲ್ಕು ಜನ ಓದೋದು.