ಒಂದು ಮನೆ, ಐದು ಮನೆ ಮತ್ತು ನಮ್ಮ ಮನೆಯವರು

ಸಂಗೀತದ ವಿಷಯದಲ್ಲಿ ನಾನು ಯಾರಿಗೂ ತೊಂದರೆ ಕೊಟ್ಟವನಲ್ಲ. ಏಕೆಂದರೆ ನಾನು ಹಾಡುವುದಿಲ್ಲ. ಕೇಳುತ್ತೇನೆ, ಅಷ್ಟೆ. ಜಯನಗರ, ಬನಶಂಕರಿ ಕಡೆ ಎಲ್ಲಾದರೂ ಚಪ್ಪರ ಹಾಕಿ ಮೃದಂಗಕ್ಕೆ ಎರಡು ಪೆಟ್ಟು ಕೊಟ್ಟರೆ, ಮೂರನೆಯ ಪೆಟ್ಟಿನ ಹೊತ್ತಿಗೆ ನಾನು ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿರುತ್ತೇನೆ. ಹೊಸ ಆಲ್ಬಂ ಬಂದರೆ ನಾಲ್ಕನೇ ಬ್ಲಾಕಿನ ಸಿ.ಡಿ. ಅಂಗಡಿಯವರು ಮೊದಲು ಫೋನ್ ಮಾಡುವುದು ನನಗೆ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೆ.ಪಿ. ನಗರದ ನಮ್ಮ ಮಲಗುವ ಕೋಣೆಯಿಂದಲೇ ಒಂದು ಇಂಟರ್ನೆಟ್ ರೇಡಿಯೊ ಆರಂಭಿಸಿದೆ. ನನ್ನ ಕಂಪ್ಯೂಟರಿನಲ್ಲಿ ಹಾಕಿದ ಹಾಡನ್ನು ಪ್ರಪಂಚದ ಯಾವ ಮೂಲೆಯಲ್ಲಿ ಬೇಕಾದರೂ ಕೇಳಬಹುದಿತ್ತು. ಅಂಥ ಮೂಲೆಗಳು ಒಟ್ಟು ಆರು ಇದ್ದವು. ಅವುಗಳಲ್ಲಿ ಒಂದು ನನ್ನ ಆಫೀಸಿನ ಮೇಜು.

ಹಾಗಾಗಿ ಕಿಟ್ಟೂಮಾವನ ಭವಿಷ್ಯವನ್ನು ಬೆಳಗಿಸುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಯಾರೂ ಕೇಳಿರಲಿಲ್ಲ. ನಾನೇ ವಹಿಸಿಕೊಂಡೆ.

ಕಿಟ್ಟೂಮಾವ, ಅಂದರೆ ವಿದ್ವಾನ್ ಕೃಷ್ಣಸ್ವಾಮಿ, ನನ್ನ ಹೆಂಡತಿ ವಸುಧಾಳ ಸೋದರಮಾವ. ಅರವತ್ತೆರಡು ವರ್ಷ, ಮದುವೆಯಾಗಿಲ್ಲ, ಚಿಕ್ಕಲಸಂದ್ರದಲ್ಲಿ ಒಬ್ಬರೇ ಇದ್ದಾರೆ. ಒಳ್ಳೆಯ ಗಾಯಕರು. ಆದರೆ ಅವರ ಸಂಗೀತಕ್ಕೆ ಆತುರವಿಲ್ಲ. ಅವರು ರಾಗಾಲಾಪನೆ ಶುರು ಮಾಡಿದಾಗ ಎದ್ದು ಹೋದವರು ಕಾಫಿ ಕುಡಿದು, ತರಕಾರಿ ಕೊಂಡು, ಮನೆಗೆ ಕೊಟ್ಟು ಬಂದರೂ ಅವರು ಅದೇ ಸ್ವರದ ಮೇಲೆ ಕೂತಿರುತ್ತಿದ್ದರು. ಈ ಕಾರಣಕ್ಕೆ ನಮ್ಮ ಬಡಾವಣೆಯ ಸಂಗೀತ ಸಭೆಯವರು ರಾಮನವಮಿ ಉತ್ಸವದಲ್ಲಿ ಇಪ್ಪತ್ತು ವರ್ಷಗಳಿಂದ ಅವರಿಗೆ ಮಧ್ಯಾಹ್ನ ನಾಲ್ಕು ಗಂಟೆಯ ಕಚೇರಿಯನ್ನೇ ಕೊಡುತ್ತ ಬಂದಿದ್ದರು. ನಾಲ್ಕು ಗಂಟೆ ಎಂದರೆ ಕಲಿಯುವ ಮಕ್ಕಳ ಹೊತ್ತು. ಕೇಳಲು ಮೈಕಿನವನೂ, ಚಪ್ಪರದ ನೆರಳಿಗೆ ಬಂದ ಎರಡು ನಾಯಿಗಳೂ ಇರುತ್ತವೆ. ದೊಡ್ಡವರೆಲ್ಲ ಹಾಡುವುದು ಸಂಜೆ ಆರೂವರೆಗೆ. ಒಂದು ಸಲ, ಒಂದೇ ಒಂದು ಸಲ, ಆರೂವರೆಗೆ ಕೂತು ಹಾಡಬೇಕು ಎನ್ನುವುದು ಮಾವನ ಆಸೆ. ಬಾಯಿ ಬಿಟ್ಟು ಹೇಳಿದವರಲ್ಲ. ಆದರೆ ಪ್ರತಿ ವರ್ಷ ಆಹ್ವಾನ ಪತ್ರಿಕೆ ಬಂದಾಗ ಮೊದಲು ಆರೂವರೆಯ ಸಾಲಿನಲ್ಲಿ ತಮ್ಮ ಹೆಸರು ಹುಡುಕಿ, ಆಮೇಲೆ ಕನ್ನಡಕ ತೆಗೆದು ಒರೆಸುತ್ತಿದ್ದರು.

ಆ ವರ್ಷ ಅವರ ಮೊದಲ ಆಲ್ಬಂ ಹೊರಬಂತು. ಸರಿಯಾಗಿ ಒಂದು ಗಂಟೆಯದು. ನಾನು ಅದನ್ನು ಹಿಡಿದು ಸಭೆಯ ಸೆಕ್ರೆಟರಿ ಶ್ರೀಕಂಠಯ್ಯನವರ ಮನೆಗೆ ಹೋದೆ. ಅವರು ಸಿ.ಡಿ. ಪಡೆದು ಒಂದು ಡ್ರಾಯರ್ ಎಳೆದರು. ಅದರೊಳಗೆ ಆಗಲೇ ಎಷ್ಟೋ ಕಲಾವಿದರು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮಲಗಿದ್ದರು.

“ಕೇಳ್ತೀನಿ ಬಿಡಿ,” ಎಂದರು.

ಕೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಗ ನನ್ನ ಬಾಯಿಂದ ಬಂತು: “ಸಾರ್, ಭಾನುವಾರ ಸಂಜೆ ಐದಕ್ಕೆ ನನ್ನ ಇಂಟರ್ನೆಟ್ ರೇಡಿಯೊದಲ್ಲಿ ಒಂದು ವಿಶೇಷ ಕಾರ್ಯಕ್ರಮ ಇದೆ. ನೀವು ಕೇಳ್ಬೇಕು.”

ಅವರ ಮುಖ ಅರಳಿತು. “ಇಂಟರ್ನೆಟ್ಟಾ? ನಮ್ಮನೇಲೂ ಹಾಕಿಸಿದೀವಿ ಕಣ್ರೀ. ಏನು ಮಾಡೋದು ಅದ್ರಲ್ಲಿ ಅಂತ ಗೊತ್ತಾಗ್ತಿರ್ಲಿಲ್ಲ. ಖಂಡಿತ ಕೇಳ್ತೀನಿ.”

ಭಾನುವಾರ ಬೆಳಗಿನಿಂದ ನಾನು ಚಿಂತಿಸತೊಡಗಿದೆ. ಚಿಂತೆ ನನ್ನ ಮೂಲಭೂತ ಸ್ವಭಾವ. ಕರೆಂಟು ಹೋದರೆ? ಯು.ಪಿ.ಎಸ್. ತಂದಿಟ್ಟೆ. ಯು.ಪಿ.ಎಸ್. ಕೈಕೊಟ್ಟರೆ? ಎರಡನೆಯದನ್ನು ಪಕ್ಕದ ಮನೆಯಿಂದ ಕಡ ತಂದೆ. ಮಾವನ ಆಲ್ಬಮನ್ನು ಮಾವನ ಒಪ್ಪಿಗೆಯಿಲ್ಲದೆ ಬಿತ್ತರಿಸಿದರೆ ಕಾನೂನಿನ ತೊಡಕು ಬರಬಹುದೆಂದು ಮಾವನಿಂದಲೇ ಸಹಿ ಪಡೆದೆ. ಹಿಂದೊಮ್ಮೆ ಸ್ಪೀಕರಿನ ಸದ್ದು ಮೈಕಿನೊಳಗೆ ಹೋಗಿ ‘ಕುಂಯ್’ ಎಂದು ಕಿರುಚಿಕೊಂಡಿತ್ತು. ಆದ್ದರಿಂದ ಸ್ಪೀಕರಿನ ವೈರನ್ನೇ ಕಿತ್ತಿಟ್ಟೆ. ಕಡೆಯದಾಗಿ ಸೆಟ್ಟಿಂಗುಗಳನ್ನು ನೋಡಿದೆ. ಒಂದು ಕಡೆ 32 ಎಂದಿತ್ತು. ಏನು ಮೂವತ್ತೆರಡು ಎಂದು ನನಗೆ ತಿಳಿಯದು. ದಿನನಿತ್ಯದ ಹಾಡುಗಳಿಗೆ ಮೂವತ್ತೆರಡು ಸಾಕು. ಆದರೆ ಇವತ್ತು ಮಾವನ ಕಾರ್ಯಕ್ರಮ. ಗೌರವದ ಪ್ರಶ್ನೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ 48 ಇತ್ತು. ಅದನ್ನೇ ಒತ್ತಿದೆ.

ಐದು ಗಂಟೆಗೆ ಸರಿಯಾಗಿ, “ಈಗ ವಿದ್ವಾನ್ ಕೃಷ್ಣಸ್ವಾಮಿಯವರಿಂದ ಗಾಯನ” ಎಂದು ಮೈಕಿನಲ್ಲಿ ಘೋಷಿಸಿ ಆಲ್ಬಂ ಬಿಟ್ಟೆ. ಮಾವ ಪಕ್ಕದ ಕುರ್ಚಿಯಲ್ಲಿ ಜರಿಪಂಚೆ ಉಟ್ಟು ಕೂತಿದ್ದರು. ಕೋಣೆಯಲ್ಲಿ ನಿಶ್ಶಬ್ದ. ಪರದೆಯ ಮೇಲೆ ಹಸಿರು ಕಡ್ಡಿಗಳು ಕುಣಿಯುತ್ತಿದ್ದವು.

“ಅಳಿಯಂದಿರೇ, ಇದೇ ಏನು ನನ್ನ ಸಂಗೀತ?”

“ಇದೇ ಮಾವ.”

ಅವರು ಸ್ವಲ್ಪ ಹೊತ್ತು ನೋಡಿದರು. “ಹಸಿರಾಗಿದೆ,” ಎಂದರು.

ಕೇಳುಗರ ಸಂಖ್ಯೆ ಆರರಿಂದ ಹತ್ತಕ್ಕೆ, ಹತ್ತರಿಂದ ಹತ್ತೊಂಬತ್ತಕ್ಕೆ ಏರಿತು. ಯಾರೋ ಒಬ್ಬರು ‘ಮೇಡಂ, ಸಖತ್’ ಎಂದು ಬರೆದರು. ಬೇರೆ ಯಾವುದೋ ರೇಡಿಯೊಗೆ ಬರೆದದ್ದು ಇಲ್ಲಿಗೆ ಬಂದಿರಬೇಕೆಂದು ಅಳಿಸಿ ಹಾಕಿದೆ. ಐದೂ ನಲವತ್ತಕ್ಕೆ ಹಸಿರು ಕಡ್ಡಿಗಳು ಮಲಗಿದವು.

“ಆಗಲೇ ಮುಗೀತೇ?” ಮಾವ ಗಾಬರಿಯಾದರು. “ಒಂದು ಗಂಟೆ ಹಾಡಿದ್ನಲ್ಲ ನಾನು?”

“ಬ್ರಾಡ್‌ಬ್ಯಾಂಡ್ ಮಾವ,” ಎಂದೆ ನಾನು ಹೆಮ್ಮೆಯಿಂದ. “ಬಹಳ ಫಾಸ್ಟು.”

ಐದು ನಿಮಿಷದಲ್ಲಿ ಫೋನ್ ಬಂತು. ಶ್ರೀಕಂಠಯ್ಯನವರು. ಕಂಪ್ಯೂಟರಿನ ಪಾಸ್‌ವರ್ಡ್ ಅವರ ಅಳಿಯನಿಗೆ ಮಾತ್ರ ಗೊತ್ತಿದ್ದದ್ದರಿಂದ ಅವರು ಕೇಳಲು ಶುರು ಮಾಡಿದ್ದು ಎರಡು ನಿಮಿಷ ತಡವಾಗಿಯಂತೆ.

“ಯಾರ್ರೀ ಅದು ಹಾಡಿದ್ದು? ಏನು ಸ್ಪೀಡು, ಏನು ಬಿರ್ಕಾ! ಉಸಿರು ಬಿಡೋಕೆ ಜಾಗ ಕೊಡ್ಲಿಲ್ಲ.”

ಘೋಷಣೆ ಅವರ ಕಿವಿಗೆ ಬಿದ್ದಿಲ್ಲವೆಂದು ತಿಳಿಯಿತು. ತಟ್ಟನೆ ಮಾವನ ಹೆಸರು ಹೇಳಿದರೆ ಹಳೆಯ ಅಭ್ಯಾಸದಂತೆ ನಾಲ್ಕು ಗಂಟೆ ಎಂದುಬಿಟ್ಟಾರು. ಅದಕ್ಕೇ ವಿನಯದಿಂದ, “ನಮ್ಮ ಮನೆಯವರೇ ಸಾರ್,” ಎಂದೆ.

ನಮ್ಮ ಕುಟುಂಬದವರೇ ಎಂಬ ಅರ್ಥದಲ್ಲಿ ಹೇಳಿದ ಮಾತು ಅದು. ಬಸವನಗುಡಿಯಿಂದ ಜೆ.ಪಿ. ನಗರದವರೆಗೆ ಮದುವೆಯಾದ ಗಂಡಸೊಬ್ಬ ‘ನಮ್ಮ ಮನೆಯವರು’ ಎಂದರೆ ಅದಕ್ಕೆ ಒಂದೇ ಅರ್ಥ ಎನ್ನುವುದು ಆ ಕ್ಷಣ ನನಗೆ ಮರೆತುಹೋಗಿತ್ತು.

“ಹೌದೇನ್ರೀ? ಇಷ್ಟು ದಿನ ಹೇಳ್ಲೇ ಇಲ್ವಲ್ರೀ!”

“ಸಂಕೋಚ ಸಾರ್. ಅವರು ಪ್ರಚಾರ ಇಷ್ಟಪಡಲ್ಲ.”

“ಯಾರ ಹತ್ರ ಪಾಠ?”

“ಮನೇಲೇ ಸಾರ್. ತಂದೆಯವರ ಹತ್ರ.”

“ಅಡುಗೆ ಗಿಡುಗೆ ಎಲ್ಲ ನೋಡ್ಕೊಂಡು ಸಾಧನೆಗೆ ಟೈಮ್ ಎಲ್ಲಿ ಸಿಗತ್ತೆ?”

ಮಾವ ಸ್ವಯಂಪಾಕಿ ಎಂಬುದು ಇವರಿಗೂ ಗೊತ್ತಿದೆಯಲ್ಲ ಎಂದು ಸಂತೋಷವಾಯಿತು. “ಬೆಳಗ್ಗೆ ನಾಲ್ಕಕ್ಕೇ ಎದ್ದುಬಿಡ್ತಾರೆ ಸಾರ್.”

“ಭೇಷ್. ಶ್ರುತಿ ಐದು ಮನೆ ತಾನೆ?”

ಶ್ರುತಿಯನ್ನು ನಮ್ಮ ಕಡೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮನೆ ಎಂದರೆ ತಗ್ಗು, ಗಂಡಸರದು. ಐದು ಮನೆ ಎಂದರೆ ಎತ್ತರ, ಹೆಂಗಸರದು. “ಒಂದು ಮನೆ ಸಾರ್,” ಎಂದೆ.

ಅವರು ಹೊಟ್ಟೆ ತುಂಬ ನಕ್ಕರು. “ಹೆಂಡತೀನ ತಮಾಷೆ ಮಾಡೋದು ಬಿಡ್ಲಿಲ್ಲ ನೀವು” ಎಂದೇನೋ ಅಂದಹಾಗಾಯಿತು. ಲೈನಿನಲ್ಲಿ ಗೊರಗೊರ ಸದ್ದಿತ್ತು, ನನಗೆ ಸರಿಯಾಗಿ ಕೇಳಿಸಲಿಲ್ಲ. ಮುಂದಿನದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ರಾಮನವಮಿ, ಮೂರನೇ ದಿವಸ, ಸಂಜೆ ಆರೂವರೆ. ಹೆಸರು ನಂಗೆ ಗೊತ್ತೇ ಇದೆಯಲ್ಲ. ಪ್ರಿಂಟಿಗೆ ಕೊಟ್ಬಿಡ್ತೀನಿ.”

ಮಾವನಿಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ವಸುಧಾ ಅಂದೇ ಒಬ್ಬಟ್ಟು ಮಾಡಿದಳು. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ, “ಪರವಾಗಿಲ್ಲ, ನಿಮ್ಮ ಕಂಪ್ಯೂಟರಿಂದ ಒಂದು ಉಪಯೋಗ ಆಯ್ತು,” ಎಂದಳು. ಎರಡನೆಯ ಬಾರಿಗೆ ಇನ್ನೂ ಹೇಳಿಲ್ಲ.

ಹತ್ತು ದಿನಗಳ ಮೇಲೆ ಆಹ್ವಾನ ಪತ್ರಿಕೆ ಬಂತು. ಅಂದು ಮಾವನೂ ನಮ್ಮ ಮನೆಯಲ್ಲೇ ಇದ್ದರು. ವಸುಧಾ ಲಕೋಟೆ ಒಡೆದು ಗಟ್ಟಿಯಾಗಿ ಓದಿದಳು.

“ಮೂರನೇ ದಿವಸ. ಮಧ್ಯಾಹ್ನ ನಾಲ್ಕಕ್ಕೆ, ವಿದ್ವಾನ್ ಕೃಷ್ಣಸ್ವಾಮಿ.” ಅವಳ ದನಿ ಸಣ್ಣದಾಯಿತು. “ಸಂಜೆ ಆರೂವರೆಗೆ, ವಿದುಷಿ ಶ್ರೀಮತಿ ವಸುಧಾ.” ಪತ್ರಿಕೆಯನ್ನು ತಿರುಗಿಸಿ ನೋಡಿದಳು. “ಇದ್ಯಾರ್ರೀ ವಿದುಷಿ ವಸುಧಾ?”

“ಬಹುಶಃ ನೀನೇ,” ಎಂದೆ.

“ನನಗೆ ಸಾರಿಗೆ ಒಗ್ಗರಣೆ ಹಾಕೋದು ಬಿಟ್ರೆ ಇನ್ಯಾವ ಸ್ವರಾನೂ ಬರಲ್ಲ. ಏನು ಮಾಡಿದೀರಿ, ಮೊದಲು ಹೇಳಿ.”

ಫೋನಿನ ಮಾತುಕತೆಯನ್ನು ಮೊದಲಿನಿಂದ ಒಪ್ಪಿಸಿದೆ. ‘ಮನೆಯವರು’ ಎಂಬಲ್ಲಿಗೆ ಬರುತ್ತಲೇ ಅವಳು ಹಣೆ ಹಿಡಿದುಕೊಂಡಳು. ಆದರೂ ಒಂದು ಪ್ರಶ್ನೆ ಉಳಿಯಿತು. ಮಾವನ ದನಿಯನ್ನು ಅವರು ಹೆಂಗಸಿನದೆಂದು ಹೇಗೆ ತಿಳಿದರು? ಅಂದಿನ ಕಾರ್ಯಕ್ರಮದ ಪ್ರತಿ ಕಂಪ್ಯೂಟರಿನಲ್ಲಿತ್ತು. ಸ್ಪೀಕರಿನ ವೈರು ಸಿಕ್ಕಿಸಿ ಹಾಕಿದೆ.

ಒಂದು ಹೆಣ್ಣುದನಿ ಕಲ್ಯಾಣಿ ರಾಗದಲ್ಲಿ ರೈಲು ಹಿಡಿಯಲು ಓಡುವಂತೆ ಓಡಿತು. ಪಿಟೀಲು ಹಿಂದೆಯೇ ಸೊಳ್ಳೆಯಂತೆ ಅಟ್ಟಿಸಿಕೊಂಡು ಹೋಯಿತು. ಮೂವತ್ತೆರಡರ ಜಾಗದಲ್ಲಿ ನಲವತ್ತೆಂಟು: ಸರಿಯಾಗಿ ಒಂದೂವರೆ ಪಟ್ಟು ವೇಗ. ವೇಗ ಏರಿದಂತೆ ದನಿಯೂ ಏರಿ, ಒಂದು ಮನೆಯ ಮಾವ ಐದು ಮನೆಯಲ್ಲಿ ಹೋಗಿ ಕೂತಿದ್ದರು.

ಮಾವ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. “ಯಾರು ಈ ಹುಡುಗಿ? ಚೆನ್ನಾಗಿ ಹಾಡ್ತಾಳೆ.” ಇನ್ನೂ ಸ್ವಲ್ಪ ಕೇಳಿ ಹುಬ್ಬು ಗಂಟಿಕ್ಕಿದರು. “ಆದ್ರೆ ಸಂಗತಿಗಳನ್ನೆಲ್ಲ ನನ್ನಿಂದ ಕದ್ದಿದಾಳೆ.”

ಯಾರೆಂದು ವಸುಧಾ ಮೆಲ್ಲಗೆ ಹೇಳಿದಳು. ಮಾವ ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. “ನಾಲ್ಕು ಗಂಟೆ ಇದೆಯಲ್ಲ, ಬಿಡಿ,” ಎಂದು ಚಪ್ಪಲಿ ಮೆಟ್ಟಿ ಚಿಕ್ಕಲಸಂದ್ರಕ್ಕೆ ಹೊರಟರು.

ನಾವಿಬ್ಬರೂ ಹಿಂದೆಯೇ ಓಡಿ, ಆಟೊ ಹಿಡಿದು, ಅವರನ್ನೂ ಕೂರಿಸಿಕೊಂಡು ನೇರವಾಗಿ ಶ್ರೀಕಂಠಯ್ಯನವರ ಮನೆಗೆ ಹೋದೆವು. ನಾನು ತಪ್ಪೊಪ್ಪಿಕೊಂಡೆ. ಅವರು ಕುರ್ಚಿಯಲ್ಲಿ ಕುಸಿದರು.

“ಹೊಸ ಪ್ರತಿಭೆ ಕಂಡುಹಿಡಿದಿದೀನಿ ಅಂತ ಕಮಿಟೀಲೆಲ್ಲ ಹೇಳಿದೀನಲ್ರೀ! ಈಗ ಅದು ರಿಕಾರ್ಡ್ ತಪ್ಪು ಅಂತ ಹೇಗೆ ಹೇಳ್ಲಿ?” ಆಮೇಲೆ ನೆಟ್ಟಗೆ ಕೂತು, “ಮೇಡಮ್ಮೋರಿಗೆ ಗಂಟಲು ಕೆಟ್ಟಿದೆ ಅಂತ ಅನೌನ್ಸ್ ಮಾಡೋಣ. ಅವರ ಬದಲಿಗೆ ಕೃಷ್ಣಸ್ವಾಮಿಗಳು ಆರೂವರೆಗೆ ಹಾಡ್ಲಿ, ನಾಲ್ಕು ಗಂಟೇನ ಮಕ್ಕಳಿಗೆ ಕೊಡೋಣ,” ಎಂದರು.

“ಬದಲಿಗೆ ನಾನು ಹಾಡಲ್ಲ,” ಎಂದರು ಮಾವ. “ನನಗೆ ನಾನೇ ಬದಲಿ ಹೇಗಾಗ್ಲಿ ಸ್ವಾಮಿ?”

ಕಡೆಗೆ ವಸುಧಾ ಮಾವನ ಪಕ್ಕ ಕೂತಳು. “ಮಾವ, ಅವರು ಮೆಚ್ಚಿದ್ದು ನಿನ್ನ ಹಾಡನ್ನ. ಹೆಸರು ಒಂದು ನಂದು ಬಿದ್ದಿದೆ ಅಷ್ಟೆ. ನೀನು ಹಾಡ್ದೆ ಇದ್ರೆ ನಾನೇ ಕೂತು ಹಾಡ್ಬೇಕಾಗತ್ತೆ. ಯೋಚನೆ ಮಾಡು.”

ಮಾವ ಯೋಚಿಸಿದರು. ಅವಳು ಮಂಗಳಾರತಿಗೆ ಹಾಡುವುದನ್ನು ಅವರು ಕೇಳಿದ್ದರು. ಒಪ್ಪಿದರು.

ಅಲ್ಲಿಂದ ಉತ್ಸವದವರೆಗೆ ವಸುಧಾ ಬೀದಿಯಲ್ಲಿ ಪಿಸುಮಾತಿನಲ್ಲೇ ಮಾತಾಡಬೇಕಾಯಿತು. ತರಕಾರಿ ಚೌಕಾಸಿಯನ್ನು ಕೈಸನ್ನೆಯಲ್ಲಿ ಮಾಡಿದಳು. ಎದುರು ಮನೆಯ ಆಂಟಿ ದಿನವೂ ಮೆಣಸಿನ ಕಷಾಯ ತಂದು, ಅವಳು ಕುಡಿಯುವವರೆಗೂ ನಿಂತಿರುತ್ತಿದ್ದರು. ಪ್ರತಿ ಗುಟುಕಿಗೂ ಅವಳು ನನ್ನ ಮುಖ ನೋಡುತ್ತಿದ್ದಳು.

ಮೂರನೆಯ ದಿವಸ ಚಪ್ಪರ ತುಂಬಿತ್ತು. ಗಂಟಲಿನ ಸಮಾಚಾರ ಮೈಕಿನಲ್ಲಿ ಬಂದೊಡನೆ ಹಿಂದಿನ ನಾಲ್ಕು ಸಾಲುಗಳು ಎದ್ದವು. ಮಾವ ಕಣ್ಣು ಮುಚ್ಚಿ ಆಲಾಪನೆ ಶುರು ಮಾಡಿದರು. ಎದ್ದವರು ಚಪ್ಪಲಿ ಹುಡುಕುವಷ್ಟರಲ್ಲಿ ದಪ್ಪ ಹನಿಯ ಬೇಸಿಗೆ ಮಳೆ ದಡದಡನೆ ಸುರಿಯಿತು. ಅವರೆಲ್ಲ ಮರಳಿ ಬಂದು ಕೂತರು. ಕರೆಂಟು ಹೋಯಿತು. ಮೈಕು ಸತ್ತಿತು. ಶ್ರುತಿಪೆಟ್ಟಿಗೆಯೂ ನಿಂತಿತು.

ಮಾವ ಮಾತ್ರ ನಿಲ್ಲಲಿಲ್ಲ.

ಮಳೆ ಸ್ವಲ್ಪ ತಗ್ಗಿದಾಗ ಆ ಒಂದು ಮನೆಯ ದನಿ ಯಾವ ಯಂತ್ರದ ಹಂಗೂ ಇಲ್ಲದೆ ಕಟ್ಟಕಡೆಯ ಕುರ್ಚಿಯವರೆಗೆ ಹರಡಿತು. ಯಾರಿಗೂ ಎಲ್ಲಿಗೂ ಹೋಗುವಂತಿರಲಿಲ್ಲ, ಹಾಗಾಗಿ ಯಾರಿಗೂ ಅವಸರವಿರಲಿಲ್ಲ. ಅವರು ಒಂದು ಸ್ವರದ ಮೇಲೆ ಕೂತರೆ ಜನರೂ ಅದರ ಮೇಲೆಯೇ ಕೂತರು. ಪಲ್ಲವಿ ಮುಗಿದಾಗ ಮಳೆ ಯಾವಾಗಲೋ ನಿಂತಿತ್ತು. ಒಬ್ಬರೂ ಎದ್ದಿರಲಿಲ್ಲ.

ನಾನು ಭಾವುಕನಾಗಿ, ಈ ಅಮೃತಗಳಿಗೆಗೆ ಬೆಳಕಾದರೂ ಇರಲಿ ಎಂದು, ಮಳೆಗೆ ಹೆದರಿ ಯಾರೂ ಚಾಲೂ ಮಾಡದೆ ಬಿಟ್ಟಿದ್ದ ಜನರೇಟರಿನ ಕಡೆ ಹೆಜ್ಜೆ ಇಟ್ಟೆ. ಗಂಟಲು ಕೆಟ್ಟಿದ್ದ ವಿದುಷಿ ಹಿಂದಿನಿಂದ ನನ್ನ ಅಂಗಿ ಹಿಡಿದು, ಇಡೀ ಚಪ್ಪರಕ್ಕೆ ಕೇಳುವಂತೆ, “ಮುಟ್ಟಬೇಡ್ರೀ ಅದನ್ನ!” ಎಂದಳು.

ಶ್ರೀಕಂಠಯ್ಯನವರು ಮುಂದಿನ ವರ್ಷದ ಆರೂವರೆಯನ್ನು ಅಲ್ಲೇ ಮಾವನ ಹೆಸರಿಗೆ ಬರೆದುಕೊಂಡರು. ಈಗ ಮಾವನಿಗೆ ಬೇರೆ ಕಡೆಯ ಸಂಜೆ ಕಚೇರಿಗಳೂ ಬರುತ್ತಿವೆ. ನನ್ನನ್ನು ತಪ್ಪದೆ ಕರೆದೊಯ್ಯುತ್ತಾರೆ. ಒಂದು ಜವಾಬ್ದಾರಿಯನ್ನೂ ಕೊಟ್ಟಿದ್ದಾರೆ: ವೇದಿಕೆಯ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂರುವುದು. ಅದರ ಮುಚ್ಚಳವನ್ನು ಯಾವ ಕಡೆಗೆ ತಿರುಗಿಸಬೇಕೆಂದು ವಸುಧಾ ಎರಡು ಸಲ ತೋರಿಸಿಕೊಟ್ಟಿದ್ದಾಳೆ.