ಭೂಮಿಗೆ ನೀರು ಕುಡಿಸುತ್ತಿದ್ದ ಭಾವ

ಗುಳುಗುಳು, ಗುಳುಗುಳು... ಕಟಪಾಡಿಯಲ್ಲಿ ಅಕ್ಕನ ಮನೆಯ ಹಿತ್ತಿಲಿನಿಂದ ಸಂಜೆಯಾದರೆ ಕೇಳಿಸುತ್ತಿದ್ದ ಸದ್ದು ಅದು. ಭಾವ ಭೂಮಿಗೆ ನೀರು ಕುಡಿಸುತ್ತಿದ್ದರು. ಗಿಡಕ್ಕಲ್ಲ, ಭೂಮಿಗೆ! ಇಂಥ ಜಂಟಲ್‌ಮನ್ ನಮ್ಮ ಕುಟುಂಬಕ್ಕೇ ಸಿಗಬೇಕಿತ್ತೆ?

ಭಾವ ಮುಂಬೈಯಲ್ಲಿ ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಸೇಫ್ಟಿ ನೋಡಿಕೊಂಡಿದ್ದವರು. ಇಂಧನದ ಟ್ಯಾಂಕ್ ತೆರೆದರೆ ಅಲ್ಲೆಲ್ಲ ಕಣ್ಣಿಗೆ ಕಾಣದ ಆವಿಯಂತೆ. ನೈಲಾನ್ ಬಟ್ಟೆ ಉಜ್ಜಿ ಹುಟ್ಟಿದ ಒಂದು ಕಿಡಿ ಸಾಕು, ಎವ್ರಿಥಿಂಗ್ ಫಿನಿಶ್! ಅದಕ್ಕೇ ವಿಮಾನವನ್ನು ದನ ಕಟ್ಟಿದ ಹಾಗೆ ತಂತಿಯಿಂದ ನೆಲಕ್ಕೆ ಕಟ್ಟುತ್ತಾರೆ. ಒಳಗೆ ಹೋಗುವವರು ತಾಮ್ರದ ತಗಡು ಮುಟ್ಟಿ, ಮೈಯಲ್ಲಿರುವ ಕರೆಂಟನ್ನು ಭೂಮಿಗೆ ಬಿಟ್ಟು ಹೋಗಬೇಕು. ಭಾವ ನಿವೃತ್ತರಾದಾಗ ವಿಮಾನಗಳು ಮುಂಬೈಯಲ್ಲೇ ಉಳಿದವು, ಹ್ಯಾಂಗರು ಮಾತ್ರ ಅಕ್ಕನ ಅಡುಗೆಮನೆಗೆ ಬಂತು!

ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ತಂತಿ ಎಳೆದು ಬಾಗಿಲ ಬಳಿ ತಗಡು ಹೊಡೆದರು. ಗುಂಡಿ ಒಣಗಿದರೆ ಅರ್ಥಿಂಗ್ ಕೆಟ್ಟಿತು ಎಂದು ದಿನಾ ಒಂದು ಕೊಡಪಾನ ನೀರು ಬೇರೆ. ತಗಡು ಮುಟ್ಟದೆ ಗ್ಯಾಸ್ ಹಚ್ಚುವಂತಿಲ್ಲ. ಪಾಪ, ಅಕ್ಕನ ನೈಲಾನ್ ಸೀರೆಗಳೆಲ್ಲ ಟ್ರಂಕು ಸೇರಿದವು.

ಅಕ್ಕನ ಮಗಳನ್ನು ನೋಡಲು ಕಾರ್ಕಳದಿಂದ ಗಂಡಿನ ಕಡೆಯವರು ಬಂದರು. ಭಾವ ಬಾಗಿಲಲ್ಲೇ, "ಮೊದಲು ಇದನ್ನು ಮುಟ್ಟಿ" ಎಂದರು. ಹುಡುಗನ ಅಜ್ಜಿ ಮುಟ್ಟಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು. ತಂತಿ ಹೋದ ದಾರಿ ಹಿಡಿದು ಗುಂಡಿ ನೋಡಿದರು, ಕೊಡಪಾನ ನೋಡಿದರು.

"ಇದು ಯಾವ ದೈವ ಮಾರಾಯ್ರೆ?"

"ದೈವ ಅಲ್ಲಮ್ಮಾ. ಕಿಡಿ ಹಾರದ ಹಾಗೆ ಮನೆ ಕಾಯುವುದು."

"ನಾನೂ ಅದನ್ನೇ ಹೇಳಿದ್ದು! ಕಾರಣಿಕ, ಶಕ್ತಿ ತುಂಬ ಉಂಟಾ?"

ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಎಲ್ಲ ಮರೆತು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮದುವೆ ಗಟ್ಟಿಯಾಯಿತು. ಮರುವಾರ ಅಜ್ಜಿ ದೈವಕ್ಕೆ ಇಡುವ ಅಡಿಕೆ ಹೂವಿನ ಹಿಂಗಾರ ಕಳಿಸಿದರು, ಹುಡುಗಿಗಲ್ಲ, ಗುಂಡಿಗೆ!

ಆಮೇಲೆ ಅಕ್ಕನ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆಂದು ಮಣಿಪಾಲಕ್ಕೆ ಹೋಗಿಬರುವಷ್ಟರಲ್ಲೇ ಅವಳು ಸೋತುಹೋಗುತ್ತಿದ್ದಳು. ಆಸ್ಪತ್ರೆಯ ಹತ್ತಿರವೇ ಇರಬೇಕು, ಇಲ್ಲದಿದ್ದರೆ ಕಷ್ಟ ಎಂದರು ಡಾಕ್ಟರು. ಸಿಕ್ಕಿದ ಫ್ಲ್ಯಾಟು ಒಂಬತ್ತನೆಯ ಮಹಡಿಯಲ್ಲಿ!

"ಮಣ್ಣೇ ಇಲ್ಲದ ಕಡೆ ಹೋಗಿ ಎಂತ ಮಾಡುವುದು?" ಎಂದರು ಭಾವ.

"ನೀವು ಬರುವುದಿಲ್ಲ ಅಂತಾದ್ರೆ ನಾನೂ ಹೋಗುವುದಿಲ್ಲ" ಎಂದಳು ಅಕ್ಕ. ಅವಳು ಹಟ ಹಿಡಿದರೆ ಮುಗಿಯಿತು.

ಕೊನೆಗೆ ಭಾವ ಮೀಟರ್ ಹಿಡಿದುಕೊಂಡು, ಅಕ್ಕನನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಮಣಿಪಾಲಕ್ಕೆ ಹೊರಟರು, ಕಟ್ಟಡದ ಅರ್ಥಿಂಗ್ ಪರೀಕ್ಷೆಗೆ! ಅಲ್ಲಿಯ ಮ್ಯಾನೇಜರ್ ಹೆದರಿ ಕುಡಿಯಲು ಎಳನೀರಿನ ಬೊಂಡ ತರಿಸಿದ. "ಸಾರ್, ಯಾವ ಇಲಾಖೆ?"

"ಹೆಂಡತಿ ಇಲಾಖೆ" ಎಂದರು ಭಾವ.

ಮೀಟರ್ ನೋಡಿದ್ದೇ ಅವರ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ಕಾರಿನಲ್ಲಿ ಅಕ್ಕ ಸೀಟಿಗೆ ತಲೆಯಾನಿಸಿ ಏದುಸಿರು ಬಿಡುತ್ತಿದ್ದಳು.

"ಹೇಗುಂಟು?" ಎಂದಳು.

ಭಾವ ಅವಳನ್ನು ನೋಡಿದರು, ಮೀಟರನ್ನು ಕಿಸೆಗೆ ಹಾಕಿದರು. "ಫಸ್ಟ್ ಕ್ಲಾಸ್! ಬಾ, ಮೇಲೆ ಹೋಗುವ."

ಲಿಫ್ಟಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, "ಹಾರಿಬಲ್!" ಎಂದರು.

ಭಾವನನ್ನು ನಾನು ಕೊನೆಯ ಸಲ ನೋಡಿದ್ದು ಆ ಫ್ಲ್ಯಾಟಿನಲ್ಲೇ. ಏಸಿ ಹಾಕಿದ ಕೋಣೆ. ಅಕ್ಕನಿಗೆ ಕೈ ಎತ್ತಲು ಶಕ್ತಿಯಿರಲಿಲ್ಲ. ಭಾವ ಅವಳ ಹಿಂದೆ ಕುಳಿತು ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚುತ್ತಿದ್ದರು. ಚಟಚಟ ಎನ್ನುತ್ತ ಬೆಳ್ಳಿಕೂದಲು ಎದ್ದೆದ್ದು ಅವರ ಅಂಗಿಗೆ ಅಂಟಿಕೊಳ್ಳುತ್ತಿತ್ತು.

"ಇವರೇ, ಕಿಡಿ ಹಾರ್ತದೆ!" ಎಂದು ಅಕ್ಕ ನಕ್ಕಳು.

"ಹಾರಲಿ. ನೀನು ಅಲುಗಾಡಬೇಡ ಮಾರಾಯ್ತಿ," ಎಂದರು ಭಾವ, "ಜಡೆ ಸೊಟ್ಟ ಆಗ್ತದೆ."